ಹದಿನೇಳನೇ ನಂಬರಿನ ಪಿಸ್ತೂಲು

ಶೆರಿಫರ ಕಚೇರಿಯ ಹಳೇ ಪಿಸ್ತೂಲುಗಳು ಮಾರ್ಲಿಸಳ ಅಂಗಡಿಗೆ ಬಂದಾಗ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ ಕಟ್ಟಿಕೊಂಡೇ ಇತ್ತು. ಅರ್ಧ ಅಂಗಡಿಯಲ್ಲಿ ಗಾಳ, ಎರೆಹುಳು, ಮೀನಿನ ಬಲೆ, ಇನ್ನರ್ಧದಲ್ಲಿ ಬಂದೂಕು. ಕಚೇರಿಯವರು ಹೊಸ ಪಿಸ್ತೂಲು ತರಿಸಿದಾಗಲೆಲ್ಲ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಿದ್ದರು. ಊರಿನವರು ಅದಕ್ಕೆಂದೇ ಕಾದಿರುತ್ತಿದ್ದರು. ಪೊಲೀಸರ ಪಿಸ್ತೂಲು ಸೊಂಟದ ಮೇಲೆ ಹೆಚ್ಚು, ಕೈಯಲ್ಲಿ ಕಡಿಮೆ. ಹೊರಗೆ ಬಣ್ಣ ಸವೆದಿರುತ್ತದೆ, ಒಳಗೆ ಹೊಸದರಂತೆಯೇ ಇರುತ್ತದೆ.

ಪೆಟ್ಟಿಗೆ ಬಿಚ್ಚಿದವನು ವೆಂಡೆಲ್ ಕ್ರೂಗರ್. ಅವನೂ ಅದೇ ಕಚೇರಿಯಲ್ಲಿ ಡೆಪ್ಯುಟಿ ಪೊಲೀಸನಾಗಿದ್ದವನೇ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿ ಆರ್ಡಿತಳ ಕಾಲಿಗೆ ತೊಡರುವ ಬದಲು ವಾರದಲ್ಲಿ ಮೂರು ದಿನ ಇಲ್ಲಿ ಬಂದೂಕು ಒರೆಸುವ ಕೆಲಸ ಹಿಡಿದಿದ್ದ. ಪಿಸ್ತೂಲುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತ, ಕೆತ್ತಿದ ನಂಬರುಗಳನ್ನು ನೋಡುತ್ತ ಹೋದ. ಅವನದು ಇಪ್ಪತ್ತೆರಡು, ತಳದಲ್ಲಿತ್ತು. ಎತ್ತಿಕೊಂಡರೆ ಅಂಗೈಗೆ ತಕ್ಷಣ ಗುರುತು ಹತ್ತಿತು. ಕೂದಲು ಕಪ್ಪಗಿದ್ದ ಕಾಲದಿಂದ ನರೆಯುವ ತನಕ ಅದು ಅವನ ಬಲ ಸೊಂಟದ ಮೇಲೆ ಕೂತಿತ್ತು.

"ಸಿಕ್ತಾ?" ಎಂದು ಮಾರ್ಲಿಸ್ ಗಲ್ಲಾದಿಂದ ಕೇಳಿದಳು.

ಅವನಿಗೆ ಒಳಗೊಳಗೇ ಖುಷಿಯಾಯಿತು. "ಹೂಂ, ಸಿಕ್ತು."

"ಜೋಪಾನವಾಗಿ ಪಕ್ಕಕ್ಕಿಡಪ್ಪ. ಹದಿನೇಳು ಬಂತಾ, ಹದಿನೇಳು ಬಂತಾ ಅಂತ ಬೆಳಿಗ್ಗೆಯಿಂದ ಫೋನು ನಿಂತಿಲ್ಲ. ಡ್ವೇನ್ ಸೊಬೋಟಾನ ಪಿಸ್ತೂಲು ಅಂದ್ರೆ ಸುಮ್ನೇನಾ."

ವೆಂಡೆಲ್ ತನ್ನದನ್ನು ಕೆಳಗಿಟ್ಟು ಹದಿನೇಳನ್ನು ಹುಡುಕತೊಡಗಿದ.

ಆ ನಂಬರು ಊರಿಗೆಲ್ಲ ಗೊತ್ತಿದ್ದದ್ದು ಒಂದು ಫೋಟೋದಿಂದ. ಹಳೇ ಮಾತು. ಎಲ್ಡನ್ ಪಾಶ್ಕೆ ಅನ್ನುವವನು, ಹೆಂಡತಿ ಬಿಟ್ಟುಹೋದಳೆಂದು ತಲೆ ಕೆಡಿಸಿಕೊಂಡು, ಅವಳು ಕೆಲಸ ಮಾಡುತ್ತಿದ್ದ ದನದ ಮೇವಿನ ಅಂಗಡಿಗೆ ರೈಫಲ್ ಹಿಡಿದು ನುಗ್ಗಿದ್ದ. ಅವಳನ್ನೂ ಇನ್ನಿಬ್ಬರನ್ನೂ ಒಳಗೆ ಕೂಡಿಹಾಕಿಕೊಂಡಿದ್ದ. ಮೊದಲು ಅಲ್ಲಿಗೆ ಹೋದದ್ದು ಒಂದೇ ಪೊಲೀಸ್ ಕಾರಿನಲ್ಲಿದ್ದ ಡ್ವೇನ್ ಮತ್ತು ವೆಂಡೆಲ್. ಡ್ವೇನ್ ಮುಂಬಾಗಿಲಿಗೆ ಹೋದ, ವೆಂಡೆಲ್ ಹಿಂಬಾಗಿಲಿಗೆ. ಡ್ವೇನ್ ತನ್ನ ಪಿಸ್ತೂಲನ್ನು ಹಿಮ ಬಿದ್ದ ಮೆಟ್ಟಿಲ ಮೇಲಿಟ್ಟು, ಬರಿಗೈಯಲ್ಲಿ ಒಳಗೆ ಹೋಗಿ, ಮಧ್ಯಾಹ್ನವೆಲ್ಲ ಕೂತು ಮಾತಾಡಿ, ಎಲ್ಡನ್‌ನ ಕೈಯಿಂದ ರೈಫಲ್ ಕೆಳಗಿಡಿಸಿ, ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆತಂದ. ಒಂದು ಗುಂಡೂ ಹಾರಲಿಲ್ಲ. ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಡ್ವೇನನ ಮುಖ ಇರಲಿಲ್ಲ. ಹಿಮದ ಮೇಲೆ ಒಂಟಿಯಾಗಿ ಬಿದ್ದಿದ್ದ ಪಿಸ್ತೂಲಿತ್ತು, ನಂಬರು ಕಾಣುವ ಹಾಗೆ. ಆ ಫೋಟೋ ಕ್ಷೌರದಂಗಡಿಯಿಂದ ಹಿಡಿದು ಚರ್ಚಿನ ಅಡುಗೆಮನೆಯವರೆಗೆ ಎಲ್ಲ ಗೋಡೆಗಳನ್ನೂ ಹತ್ತಿತು.

ಹಿಂಬಾಗಿಲಲ್ಲಿ ಏನಾಯಿತೆಂದು ಯಾರೂ ಬರೆಯಲಿಲ್ಲ. ಆಗುವುದಕ್ಕೆ ಅಲ್ಲಿ ಏನೂ ಇರಲೂ ಇಲ್ಲ. ಬಾಗಿಲಿಗೆ ಒಂದು ಗಾಜು. ಗಾಜಿನಾಚೆ ಎಲ್ಡನ್‌ನ ಬೆನ್ನು, ಒಮ್ಮೊಮ್ಮೆ ಮುಖ. ಉಪ್ಪಿನ ಮೂಟೆಗಳ ಸಂದಿಯಲ್ಲಿ ಮೊಣಕಾಲುದ್ದ ಹಿಮದಲ್ಲಿ ನಿಂತು ವೆಂಡೆಲ್ ಅವನ ಮೇಲೆ ಗುರಿಯಿಟ್ಟುಕೊಂಡೇ ಇದ್ದ. ಎರಡು ಸಲ ರೈಫಲ್ ಡ್ವೇನನ ಎದೆಯ ಕಡೆ ತಿರುಗಿತ್ತು. ಎರಡು ಸಲವೂ ವೆಂಡೆಲನ ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಬಿಗಿಯಿತು. ಎರಡು ಸಲವೂ ಅವನು ಒತ್ತಲಿಲ್ಲ. ಒತ್ತದಿದ್ದುದಕ್ಕೆ ಫೋಟೋ ತೆಗೆಯಲು ಬರುವುದಿಲ್ಲ.

ಆಮೇಲೆ ಡ್ವೇನ್ ಸಾರ್ಜೆಂಟ್ ಆದ. ಜುಲೈನ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ತೆರೆದ ಕಾರಿನಲ್ಲಿ ಕೂತ. ಅದೇ ಮೆರವಣಿಗೆಗೆ ರಸ್ತೆಗೆ ತಡೆ ಹಾಕಿ, ಅಡ್ಡಗಂಬದ ಪಕ್ಕ ಬಿಸಿಲಲ್ಲಿ ನಿಂತವನು ವೆಂಡೆಲ್. ಕಾರು ಹಾದುಹೋಗುವಾಗ ಡ್ವೇನ್ ಕೈಯೆತ್ತಿ, "ವೆಂಡ್, ಹತ್ತೋ, ಬಾರೋ" ಎಂದು ಕರೆದಿದ್ದ. ಆ ಕರೆದದ್ದೇ ವೆಂಡೆಲನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು. ಕರೆಯದೆ ಹೋಗಿದ್ದರೆ ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. ಮುಂದೆ ಡ್ವೇನ್ ನೌಕರಿ ಬಿಟ್ಟು ಪಕ್ಕದ ಕೌಂಟಿಗೆ ಹೋಗಿ ಶಾಲಾ ಬಸ್ಸು ಓಡಿಸತೊಡಗಿದ. ಅದಕ್ಕೂ ಊರಿನವರು, "ನೋಡು, ಎಷ್ಟು ಸರಳ ಮನುಷ್ಯ" ಎಂದರು. ವೆಂಡೆಲ್ ಬಸ್ಸು ಓಡಿಸಿದ್ದರೆ ಬಸ್ಸು ಓಡಿಸುತ್ತಾನೆ ಎನ್ನುತ್ತಿದ್ದರು, ಅಷ್ಟೆ.

ಆ ಬೆಳಿಗ್ಗೆ ಅಂಗಡಿಗೆ ಬಂದವರೆಲ್ಲ ಹದಿನೇಳನ್ನೇ ಕೇಳಿದರು. ಕೊಳ್ಳದವರೂ ಕೈಯಲ್ಲಿ ಹಿಡಿದು ನೋಡಿದರು. ಒಬ್ಬ ರೈತ ಟೋಪಿ ತೆಗೆದು ಹಿಡಿದ. ವೆಂಡೆಲ್ ಪ್ರತಿ ಸಲವೂ ಗಾಜಿನ ಪೆಟ್ಟಿಗೆಯಿಂದ ಅದನ್ನು ತೆಗೆದುಕೊಟ್ಟು, ವಾಪಸು ತೆಗೆದುಕೊಂಡು, ಬೆರಳಿನ ಗುರುತು ಒರೆಸಿ ಇಟ್ಟ. ಪಕ್ಕದಲ್ಲೇ ಇದ್ದ ಇಪ್ಪತ್ತೆರಡನ್ನು ಒಬ್ಬ ಎತ್ತಿಕೊಂಡ. ವೆಂಡೆಲ್ ಉಸಿರು ಹಿಡಿದ. ಆ ಗಿರಾಕಿ ಅದನ್ನು ಸರಿಸಿ ಹಿಂದಿದ್ದ ಹದಿನೇಳರ ಬೆಲೆಚೀಟಿ ಓದಿ, ಮತ್ತೆ ಇಟ್ಟ.

ಮಧ್ಯಾಹ್ನಕ್ಕೆ ಮುಂಚೆ ಬಾಯ್ಡ್ ರಿಕ್ಟರ್ ಬಂದ. ಹೆದ್ದಾರಿಯ ಪಕ್ಕ ಕಾರು ಮಾರುವ ಮಳಿಗೆ ಅವನದು. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ.

"ಮಾರ್ಲಿಸ್, ಬೇರೆಯವರು ಎಷ್ಟಾದ್ರೂ ಹೇಳ್ಲಿ, ಅದಕ್ಕಿಂತ ಒಂದು ಕೈ ಮೇಲೆ ನಂದು. ಮಳಿಗೆ ಬಾಗ್ಲಲ್ಲೇ ಗಾಜಿನ ಚೌಕಟ್ಟು ಮಾಡಿಸ್ತೀನಿ. ಕೆಳಗೆ ಹಿತ್ತಾಳೆ ಫಲಕ. ಊರಿಗೆ ಬರೋ ಮಕ್ಕಳು ನೋಡ್ಲಿ, ಧೈರ್ಯ ಅಂದ್ರೆ ಏನು ಅಂತ." ಆಮೇಲೆ ವೆಂಡೆಲನ ಕಡೆ ತಿರುಗಿ, "ನೀನೂ ಆಗ ಡ್ಯೂಟಿಲಿದ್ದೆ ಅಲ್ವಾ? ಆವತ್ತು ಎಲ್ಲಿದ್ದೆ?" ಎಂದ.

"ಅಲ್ಲೇ ಎಲ್ಲೋ ಇದ್ದೆ," ಎಂದ ವೆಂಡೆಲ್.

"ಚೊಕ್ಕ ಒರೆಸಿಡು ಮಾರಾಯ. ಕಾಗದ ಪತ್ರ ಮುಗಿಸಿ ಸಂಜೆ ಬಂದು ತಗೊಂಡು ಹೋಗ್ತೀನಿ."

ಮಾರ್ಲಿಸ್ ಊಟಕ್ಕೆ ಹೋದಳು. ವೆಂಡೆಲ್ ಎರಡನ್ನೂ ಒಳಗಿನ ಮೇಜಿಗೆ ತಂದ. ಆ ಜಾತಿಯ ಪಿಸ್ತೂಲು ಎರಡು ತುಂಡು: ಕೈ ಹಿಡಿಯುವ ಕೆಳಭಾಗ ಒಂದು, ಅದರ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಮೇಲುಭಾಗ ಒಂದು. ಸರ್ಕಾರದ ಪಾಲಿಗೆ ಪಿಸ್ತೂಲು ಅಂದರೆ ಕೆಳಭಾಗ, ದಾಖಲೆಯ ನಂಬರು ಇರುವುದು ಅದರಲ್ಲಿ. ಕಚೇರಿಯವರ ನಂಬರು ಕೆತ್ತಿದ್ದು ಮೇಲುಭಾಗದ ಮೇಲೆ. ಒರೆಸಲೆಂದು ಎರಡನ್ನೂ ಬಿಚ್ಚಿದ. ಎಣ್ಣೆ ಹಚ್ಚಿದ. ತಿರುಗಿ ಜೋಡಿಸುವಾಗ ಕೈ ತಾನಾಗಿಯೇ ಎಂಬಂತೆ ಹದಿನೇಳರ ಮೇಲುಭಾಗವನ್ನು ಇಪ್ಪತ್ತೆರಡರ ಕೆಳಭಾಗದ ಮೇಲೆ ಕೂರಿಸಿತು. ಕೈ ತಾನಾಗಿ ಏನನ್ನೂ ಮಾಡುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು. ಇನ್ನು ಬಾಯ್ಡನ ಗೋಡೆಯ ಮೇಲೆ ಕೂರುವುದು ತನ್ನದು. ಮಕ್ಕಳು ಮೂಗು ಒತ್ತಿಕೊಂಡು ನೋಡುವುದು ತನ್ನದನ್ನು. ರೈತರು ಟೋಪಿ ತೆಗೆಯುವುದು ತನ್ನದಕ್ಕೆ. ಡ್ವೇನನದು ಇಪ್ಪತ್ತೆರಡಾಗಿ, ಯಾರಿಗೂ ಬೇಡದೆ, ಮೂಲೆಯಲ್ಲಿ ಧೂಳು ತಿನ್ನಲಿ. ಎದೆಯೊಳಗೆ ಯಾರೋ ಬಿಸಿ ಸಾರು ಹೊಯ್ದಂತೆ ಹಿತವಾಯಿತು.

ಆ ಹಿತ ಒಂದು ವಾರ ಇತ್ತು. ಕೆಲಸದ ದಿನ ಸಂಜೆ ಮನೆಗೆ ಹೋಗುವಾಗ ಸುತ್ತುದಾರಿ ಹಿಡಿದು ಬಾಯ್ಡನ ಮಳಿಗೆಯ ಮುಂದೆ ಗಾಡಿ ನಿಧಾನ ಮಾಡುತ್ತಿದ್ದ. ಚೌಕಟ್ಟಿಗೆ ದೀಪ ಹಾಕಿದ್ದರು. ಆದರೆ ಹಿತ್ತಾಳೆಯ ಫಲಕ ಬಂದ ದಿನ ಇಳಿದು ಹೋಗಿ ಓದಿದ. 'ಡ್ವೇನ್ ಸೊಬೋಟಾ' ಎಂದು ದಪ್ಪ ಅಕ್ಷರ. ತನ್ನ ಪಿಸ್ತೂಲಿನ ಕೆಳಭಾಗ, ತನ್ನ ಅಂಗೈ ಸವೆಸಿದ ಹಿಡಿ, ಅದರಡಿಯಲ್ಲಿ ಆ ಹೆಸರು. ತನ್ನ ಕೈಯಾರೆ ತನ್ನದನ್ನೂ ಡ್ವೇನನಿಗೇ ಕೊಟ್ಟುಬಿಟ್ಟೆನಲ್ಲ ಎನ್ನುವುದು ಅವನಿಗೆ ಹೊಳೆದದ್ದು ಅಲ್ಲಿ ನಿಂತಾಗ.

ಮನೆಗೆ ಬಂದರೆ ಆರ್ಡಿತ್ ಆಲೂಗಡ್ಡೆ ಸುಲಿಯುತ್ತ, "ಡ್ವೇನನಿಗೆ ಫೋನ್ ಮಾಡಿದ್ದೆ ಕಣ್ರೀ. ಪಿಸ್ತೂಲು ಗೋಡೆಗೆ ಹಾಕಿದಾರೆ ಅಂತ ಹೇಳ್ದೆ. ಪಾಪ, ಅವನಿಗೆ ಗೊತ್ತೇ ಇರ್ಲಿಲ್ಲ," ಎಂದಳು.

"ಅವನ ನಂಬರು ನಿನ್ನ ಹತ್ರ ಯಾಕಿದೆ?"

"ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಮಾತಾಡ್ತೀನಲ್ಲ. ನೀವು ಎದ್ದು ಗ್ಯಾರೇಜಿಗೆ ಹೋಗ್ತೀರ, ಅಷ್ಟೆ." ಅವಳು ಚಾಕು ನಿಲ್ಲಿಸಿದಳು. "ಖುಷಿ ಪಡ್ತಾನೆ ಅಂದ್ಕೊಂಡಿದ್ದೆ. ಮಾತೇ ಆಡ್ಲಿಲ್ಲ ಅವನು."

ಮರುದಿನ, ಶಾಲೆಗಳಿಗೆ ರಜೆ, ಡ್ವೇನ್ ಅಂಗಡಿಗೆ ಬಂದ. ವೆಂಡೆಲ್ ಅವನನ್ನು ನೋಡಿ ವರ್ಷಗಳಾಗಿದ್ದವು. ಕುತ್ತಿಗೆ ತೆಳ್ಳಗಾಗಿತ್ತು, ಕೋಟಿನ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಮಾರ್ಲಿಸ್ ಎದ್ದು ಬಂದು ಅಪ್ಪಿಕೊಂಡಳು, ಕಾಫಿ ಬಗ್ಗಿಸಿದಳು. ವೆಂಡೆಲನಿಗೆ ಅವಳು ಒಂದು ದಿನವೂ ಕಾಫಿ ಬಗ್ಗಿಸಿದ್ದಿಲ್ಲ.

ಡ್ವೇನ್ ಕಪ್ ಹಿಡಿದು ವೆಂಡೆಲನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ವೆಂಡ್, ನಂಗೊಂದು ಉಪಕಾರ ಮಾಡ್ತೀಯಾ? ಬಾಯ್ಡನ ಹತ್ರ ಹೋಗ್ಬೇಕು. ಅದನ್ನ ವಾಪಸ್ ಕೊಂಡ್ಕೋಬೇಕು. ಒಬ್ನೇ ಹೋಗೋಕೆ ಆಗ್ತಿಲ್ಲ," ಎಂದ.

"ಗೋಡೆ ಮೇಲೆ ಚೆನ್ನಾಗಿದೆಯಲ್ಲ. ಎಲ್ರೂ ನೋಡ್ತಾರೆ."

"ಅದಕ್ಕೇ."

ಬಾಯ್ಡ್ ಮಳಿಗೆಯಲ್ಲಿ ಡ್ವೇನನ ಕೈ ಹಿಡಿದು ಬಿಡಲೇ ಇಲ್ಲ. ಚೌಕಟ್ಟಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದ. ಮಾರುವ ಮಾತೆತ್ತಿದರೆ ನಕ್ಕ. "ಏನಣ್ಣ, ತಮಾಷೆನಾ? ಇದು ನಿನ್ನದಲ್ಲ ಈಗ, ಊರಿಂದು. ನೀನು ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗು." ಡ್ವೇನ್ ಮತ್ತೆ ಕೇಳಿದ, ಇನ್ನೊಂದು ಸಲ ಕೇಳಿದ. ಬಾಯ್ಡ್ ಅವನ ಬೆನ್ನು ತಟ್ಟಿದ. ಫೋಟೋ ತೆಗೆಯುವಾಗ ವೆಂಡೆಲನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು. ಅವನು ಸರಿದ.

ಹೊರಗೆ ವೆಂಡೆಲನ ಗಾಡಿಯಲ್ಲಿ ಕೂತ ಮೇಲೆ ಡ್ವೇನ್ ಬಾಗಿಲು ಎಳೆದುಕೊಂಡ. ವೆಂಡೆಲ್ ಕೀಲಿ ತಿರುಗಿಸಲಿಲ್ಲ.

"ಎಲ್ಡನ್ ಜೈಲಲ್ಲಿ ನೇಣು ಹಾಕ್ಕೊಂಡ, ಗೊತ್ತಲ್ಲ ನಿಂಗೆ," ಎಂದ ಡ್ವೇನ್. "ಹೊರಗೆ ಬಾ, ಎಲ್ಲ ಸರಿ ಹೋಗತ್ತೆ, ನಾನಿದೀನಿ ಅಂತ ಅವತ್ತು ಮಾತು ಕೊಟ್ಟಿದ್ದೆ. ಏನೂ ಸರಿ ಹೋಗ್ಲಿಲ್ಲ. ತಿಂಗಳಿಗೊಂದು ಸಲ ಹೋಗಿ ನೋಡ್ತಿದ್ದೆ. ಕೊನೇ ತಿಂಗಳು ಹೋಗಿರ್ಲಿಲ್ಲ. ಮಗಳ ಮದುವೆ ಓಡಾಟ." ಅವನು ಕೈಗಳನ್ನು ಮೊಣಕಾಲ ಮೇಲಿಟ್ಟು ನೋಡಿಕೊಂಡ. "ಆ ಪಿಸ್ತೂಲನ್ನ ಕತ್ತರಿಸಿ ಹಾಕ್ಬೇಕು ಅಂತಿದ್ದೆ. ಅವರೆಲ್ಲ ಅದನ್ನ ನೋಡಿ ನಾನು ಒಬ್ಬನ್ನ ಉಳಿಸ್ದೆ ಅಂದ್ಕೊಳ್ತಾರೆ."

ವೆಂಡೆಲನಿಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ಆದರೆ ಅದಕ್ಕೂ ಮುಂಚೆ ಹುಟ್ಟಿದ್ದು ಬೇರೆ. ಜೈಲಿನಲ್ಲೂ ಎಲ್ಡನ್ ಕಾದಿದ್ದದ್ದು ಡ್ವೇನನಿಗೆ. ಸತ್ತವನ ಭಾರವೂ ಡ್ವೇನನ ಪಾಲಿಗೇ. ಹಂಚಿಕೊಳ್ಳುವುದಕ್ಕೆ ಅದರಲ್ಲೂ ತನಗೊಂದು ಚೂರು ಬರಲಿಲ್ಲವಲ್ಲ ಎಂದು ಒಳಗೆ ಚುರುಕ್ ಎಂದಿತು. ಸತ್ತವನ ವಿಷಯದಲ್ಲೂ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ತಿಳಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ಬಾಯಿ ತೆರೆದದ್ದು ಆ ಹೇಸಿಗೆಯಿಂದ, ಒಳ್ಳೆಯತನದಿಂದಲ್ಲ.

"ಅಲ್ಲಿರೋದು ನಿಂದಲ್ಲ."

"ಅಂದ್ರೆ?"

"ಮೇಲಿನ ಭಾಗ ಮಾತ್ರ ನಿಂದು. ಕೆಳಗಿಂದು ನಂದು. ನಿನ್ನ ಪಿಸ್ತೂಲು ಅಂಗಡೀಲೇ ಇದೆ, ನನ್ನ ನಂಬರು ಹೊತ್ಕೊಂಡು. ನಾನೇ ಬದಲಾಯಿಸ್ದೆ."

ಡ್ವೇನ್ ಮಳಿಗೆಯ ದೀಪಗಳ ಕಡೆ ತಿರುಗಿದ. "ಯಾಕೋ?"

"ಗೊತ್ತಿಲ್ಲ." ಆಮೇಲೆ, "ಗೊತ್ತು. ನಂದನ್ನ ಯಾರೂ ಕೇಳ್ಲಿಲ್ಲ."

"ಕೇಳಿದ್ರು ಕಣೋ. ಅವತ್ತು ಆ ಪತ್ರಿಕೆ ಹುಡುಗಿನ ನಿನ್ನ ಹತ್ರ ಕಳಿಸಿದ್ದೇ ನಾನು. ಹಿಂಬಾಗ್ಲಲ್ಲಿ ಇದ್ದೋನ್ನ ಕೇಳು, ಅವನು ಗುಂಡು ಹಾರಿಸಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ ಅಂದೆ. ನೀನು ಅವಳನ್ನ ಬೈದು ಓಡಿಸ್ದೆ. ಎಲ್ಡನ್ ಜೈಲಲ್ಲಿ ಪ್ರತಿ ಸಲ ಕೇಳ್ತಿದ್ದ, ಗಾಜಿನಾಚೆ ಇದ್ದೋನು ಹೇಗಿದಾನೆ ಅಂತ. ಬಾ ಅಂತ ನಿನ್ನ ಕರೆದೆ. ಡ್ಯೂಟಿ ಇದೆ ಅಂದೆ ನೀನು."

ಕರೆದದ್ದು ನಿಜ. ಡ್ಯೂಟಿ ಇರಲಿಲ್ಲ. ನಿನ್ನ ದೊಡ್ಡತನದ ಮೆರವಣಿಗೆಗೆ ನಾನು ಬಾಲಂಗೋಚಿಯಾಗುವುದಿಲ್ಲ ಎಂದುಕೊಂಡು ಆವತ್ತು ಅವನು ಸೌದೆ ಒಡೆದಿದ್ದ.

ಪತ್ರಿಕೆಯ ಹುಡುಗಿಯನ್ನು ಓಡಿಸಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅದನ್ನು ಅವನು ಈ ತನಕ ಯಾರಿಗೂ ಹೇಳಿರಲಿಲ್ಲ. ಈಗ ಸ್ಟೀರಿಂಗ್ ನೋಡುತ್ತ ಹೇಳಿದ. "ಅವಳ ಮುಂದೆ ಹೇಗೆ ನಿಲ್ಲೋದಿತ್ತು? ಆ ರೈಫಲ್ ಮೊದಲ ಸಲ ನಿನ್ನ ಕಡೆ ತಿರುಗಿತಲ್ಲ, ಆಗ್ಲೇ ನಾನು ಪ್ಯಾಂಟಲ್ಲಿ ಉಚ್ಚೆ ಮಾಡ್ಕೊಂಡಿದ್ದೆ. ಚಳಿಗೆ ಪ್ಯಾಂಟು ಹಲಗೆ ಥರ ಗಟ್ಟಿಯಾಗಿತ್ತು."

"ಗೊತ್ತು."

ವೆಂಡೆಲ್ ತಿರುಗಿ ನೋಡಿದ.

"ವಾಪಸ್ ಹೋಗೋವಾಗ ಅದೇ ಕಾರಲ್ಲಿ ನಿನ್ನ ಪಕ್ಕ ಕೂತಿದ್ದೆನಲ್ಲೋ. ಹೀಟರ್ ಬೇರೆ ಹಾಕಿದ್ವಿ," ಎಂದ ಡ್ವೇನ್. "ನಾನು ಅಲ್ಲಿ ನಿಂತಿದ್ದ ಮೇವಿನ ಟ್ರಕ್ಕಿನ ಹಿಂದೆ ಹೋಗಿ ವಾಂತಿ ಮಾಡ್ಕೊಂಡು ಬಂದಿದ್ದೆ. ನಿಂಗೆ ವಾಸನೆ ಬರ್ಲಿಲ್ವಾ?"

ಬಂದಿರಲಿಲ್ಲ. ಅವನಿಗೆ ತನ್ನದೇ ವಾಸನೆಯ ಚಿಂತೆಯಾಗಿತ್ತು. ಡ್ವೇನ್ ನಗತೊಡಗಿದ, ಭುಜ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವವರೆಗೆ. ವೆಂಡೆಲನಿಗೂ ನಗು ಬಂತು. ನಗುತ್ತಿರುವಾಗಲೇ ಅವನಿಗೆ ತಿಳಿದದ್ದೆಂದರೆ, ಈ ಮನುಷ್ಯ ಇಷ್ಟು ವರ್ಷ ಆ ಪ್ಯಾಂಟಿನ ಮಾತನ್ನು ಒಬ್ಬರ ಮುಂದೆಯೂ ಆಡಿಲ್ಲ. ಎದೆ ತುಂಬಿ ಬಂತು. ಅದರ ಬೆನ್ನಿಗೇ, ಇವನಿಗೆ ಇಷ್ಟು ಒಳ್ಳೆಯವನಾಗಿರಲು ಹೇಗೆ ಸಾಧ್ಯವಾಗುತ್ತದೆ ಎಂಬ ಹಳೇ ಉರಿ ಮತ್ತೆ ಕಣ್ಣು ಬಿಟ್ಟಿತು. ಅದು ಎಲ್ಲೂ ಹೋಗಿರಲಿಲ್ಲ.

ಅವರು ಅಂಗಡಿಗೆ ವಾಪಸು ಬಂದರು. ಡ್ವೇನ್ ಇಪ್ಪತ್ತೆರಡನ್ನು ಕೊಂಡ. ಮಾರ್ಲಿಸ್ ರಸೀದಿ ಹರಿಯುತ್ತ, "ನೋಡು ವೆಂಡೆಲ್, ಕೊನೆಗೂ ನಿಂದಕ್ಕೊಬ್ಬ ಗಿರಾಕಿ ಬಂದ," ಎಂದು ಛೇಡಿಸಿದಳು. ಇಬ್ಬರೂ ಅವಳಿಗೆ ಏನೂ ಹೇಳಲಿಲ್ಲ. ಬಾಯ್ಡನಿಗೂ ಹೇಳುವುದು ಬೇಡವೆಂದು ಡ್ವೇನನೇ ಅಂದ. ಗೋಡೆಯ ಮೇಲಿರುವುದು ಇರಲಿ. ಅದನ್ನು ಹಿಡಿದವನು ಗುಂಡು ಹಾರಿಸದೆ ನಿಂತಿದ್ದನಲ್ಲ, ಮಕ್ಕಳು ನೋಡುವುದಾದರೆ ಅದನ್ನೇ ನೋಡಲಿ ಎಂದ. ಹೆಸರು ತಪ್ಪಿದೆ ಎಂದು ವೆಂಡೆಲ್ ಹೇಳಬೇಕೆಂದಿದ್ದ, ಹೇಳಲಿಲ್ಲ.

ಡ್ವೇನನ ಶಾಲಾ ಬಸ್ಸಿನ ಗ್ಯಾರೇಜಿನಲ್ಲಿ ಉಕ್ಕು ಕತ್ತರಿಸುವ ಗ್ಯಾಸ್ ಬೆಂಕಿಯ ಕೊಳವೆ ಇತ್ತು. ಡ್ವೇನ್ ಪಿಸ್ತೂಲಿನ ಮೇಲುಭಾಗ ಬಿಚ್ಚಿ ವೆಂಡೆಲನ ಕಡೆ ಚಾಚಿದ. "ಇದು ನಿಂದು, ಇಟ್ಕೋ." ಅದರ ಮೇಲೆ ಇಪ್ಪತ್ತೆರಡು ಎಂದಿತ್ತು. ವೆಂಡೆಲ್ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕೆಳಭಾಗವನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದ. ಡ್ವೇನನ ಕೈಯಲ್ಲಿ ಗೆರೆ ನೆಟ್ಟಗೆ ಬರಲಿಲ್ಲ. ಎರಡನೇ ಸಲಕ್ಕೆ ಬೆಂಕಿಯನ್ನು ವೆಂಡೆಲ್ ತೆಗೆದುಕೊಂಡ, ಇಕ್ಕಳವನ್ನು ಡ್ವೇನ್ ಹಿಡಿದ. ತುಂಡುಗಳು ನೀರಿನ ಬಕೆಟ್ಟಿಗೆ ಬಿದ್ದು ಚುಂಯ್ ಎಂದವು. ಡ್ವೇನ್ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಲ್ಡನ್‌ನ ಹೆಸರನ್ನು ಒಂದು ಸಲ ಹೇಳಿದ. ವೆಂಡೆಲ್ ಪಕ್ಕದಲ್ಲಿ ನಿಂತಿದ್ದ. ಈ ಸಲ ಯಾರೂ ಅವನನ್ನು ಸರಿಯಲು ಹೇಳಲಿಲ್ಲ.

ಶುಕ್ರವಾರ ಆರ್ಡಿತ್ ಡ್ವೇನನನ್ನು ಮೀನಿನ ಊಟಕ್ಕೆ ಕರೆದಳು. ಸರೋವರದ ದಂಡೆಯ ಹೋಟೆಲಿನಲ್ಲಿ ಊರಿಗೆ ಊರೇ ಸೇರಿತ್ತು. ಬಾಯ್ಡ್ ಗ್ಲಾಸು ಹಿಡಿದು ಅವರ ಮೇಜಿಗೇ ಬಂದು, ತನ್ನ ಜೊತೆಗಿದ್ದ ಗಿರಾಕಿಗೆ ಮೇವಿನಂಗಡಿಯ ಕಥೆಯನ್ನು ಮೊದಲಿಂದ ಹೇಳಿದ. "ಒಬ್ಬನೇ ಹೋದ, ಒಬ್ಬನೇ," ಎಂದ.

"ಒಬ್ಬನೇ ಅಲ್ಲ. ಹಿಂಬಾಗ್ಲಲ್ಲಿ ಇವನಿದ್ದ," ಎಂದು ಡ್ವೇನ್ ಫೋರ್ಕಿನಿಂದ ತೋರಿಸಿದ.

ಬಾಯ್ಡ್ ವೆಂಡೆಲನನ್ನು ಹೊಸದಾಗಿ ಕಂಡಂತೆ ನೋಡಿದ. "ಹೌದಾ? ನೀನು ಹೇಳ್ಲೇ ಇಲ್ವಲ್ಲ ಮಾರಾಯ. ಹೇಗಿತ್ತು ಅಲ್ಲಿ?"

ಮೇಜಿನ ಸುತ್ತ ಎಲ್ಲರೂ ಕಾದರು. ಈ ಒಂದು ಪ್ರಶ್ನೆಗೆ ವೆಂಡೆಲ್ ಮನಸ್ಸಿನಲ್ಲಿ ಎಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದ, ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ.

"ಚಳಿ ಇತ್ತು," ಎಂದ.

ಡ್ವೇನ್ ಬಿಯರು ನೆತ್ತಿಗೇರುವ ಹಾಗೆ ಕೆಮ್ಮಿ ನಕ್ಕ. ಉಳಿದವರಿಗೆ ಅರ್ಥವಾಗದಿದ್ದರೂ ನಕ್ಕರು. ಬಾಯ್ಡ್ ಗಿರಾಕಿಯನ್ನು ಕರೆದುಕೊಂಡು ಬೇರೆ ಮೇಜಿಗೆ ಹೋದ. ಮೀನು ಬಂತು. ಆರ್ಡಿತ್ ದೊಡ್ಡ ತುಂಡನ್ನು ಡ್ವೇನನ ತಟ್ಟೆಗೆ ಹಾಕಿದಳು. ವೆಂಡೆಲ್ ಅದನ್ನು ಗಮನಿಸಿದ. ಗಮನಿಸಿ, ನಿಂಬೆಹೋಳಿನ ಬಟ್ಟಲನ್ನು ಅವನ ಕಡೆ ತಳ್ಳಿದ.